ಹಲ್ಲು ಕಿತ್ತ ಮೇಲೆ ಹಚ್ಚುವ ಮದ್ದು: ಎಷ್ಟು ನಂಬಬೇಕು?

ಹಲ್ಲು ಕೀಳಿಸಿಕೊಂಡು ದವಾಖಾನೆಯಿಂದ ಹೊರಬರುವವರ ಬಾಯಲ್ಲಿ ಕಚ್ಚಿಕೊಂಡ ಅರಳೆಬಟ್ಟೆಯೂ ಕೈಯಲ್ಲಿ ನೋವಿನ ಮಾತ್ರೆಯ ಚೀಟಿಯೂ ಇರುವುದು ಬಹುಕಾಲದ ವಾಡಿಕೆ. ಈಚಿನ ವರ್ಷಗಳಲ್ಲಿ ಆ ಚೀಟಿಗೆ ಮತ್ತೊಂದು ಸಾಲು ಸೇರಿಕೊಂಡಿದೆ: ಒಸಡಿಗೆ ಹಚ್ಚಿಕೊಳ್ಳುವ ಜೆಲ್. ವೈದ್ಯರು ಬರೆಯದಿದ್ದರೂ ಬೀದಿಯ ತುದಿಯ ಔಷಧದಂಗಡಿಯಲ್ಲಿ ಕೇಳಿದವರಿಗೆ ಅದು ಸಿಕ್ಕುತ್ತದೆ. ಬೆರಳುದ್ದದ ಟ್ಯೂಬು, ಪುದೀನದ ವಾಸನೆ, ಹಚ್ಚಿದ ಕೂಡಲೆ ತಂಪು. ಬೆಳಗ್ಗೆ ಹಲ್ಲು ಕೀಳಿಸಿಕೊಂಡು ಮಧ್ಯಾಹ್ನದ ಲೋಕಲ್ ಗಾಡಿ ಹಿಡಿದು ಕಚೇರಿಗೆ ಹೋಗಬೇಕಾದ ಮುಂಬಯಿಯ ನೌಕರನಿಗೆ ಇದಕ್ಕಿಂತ ಅನುಕೂಲವಾದ ಮದ್ದು ಬೇರೆ ಯಾವುದಿದೆ?

ನಾನು ಈ ಮದ್ದುಗಳ ವಿರೋಧಿಯಲ್ಲ. ಇವುಗಳಲ್ಲಿ ಕೆಲವು ನಿಜವಾಗಿಯೂ ಉಪಯುಕ್ತವೆಂಬುದನ್ನು ಮುಂದೆ ಹೇಳಲಿದ್ದೇನೆ. ನನ್ನ ತಕರಾರು ಬೇರೆ. ಜೆಲ್ ಎಂಬ ಒಂದೇ ಹೆಸರಿನಲ್ಲಿ ಪರಸ್ಪರ ಸಂಬಂಧವಿಲ್ಲದ ನಾಲ್ಕಾರು ಔಷಧಗಳು ಮಾರಾಟವಾಗುತ್ತಿವೆ. ಕೆಲವು ಬಾಯಿಯ ಕ್ರಿಮಿಗಳನ್ನು ತಡೆಯುವಂಥವು, ಕೆಲವು ಬರಿದೇ ನೋವನ್ನು ಮರೆಸುವಂಥವು, ಇನ್ನು ಕೆಲವು ಬೆಳೆಯುವ ಅಂಗಾಂಶಕ್ಕೆ ಆಸರೆಯಾಗುವಂಥವು. ಕೊಳ್ಳುವವರ ಮನಸ್ಸಿನಲ್ಲಿ ಮಾತ್ರ ಇವೆಲ್ಲ ‘ಗಾಯ ಮಾಯಿಸುವ ಮದ್ದು’ ಎಂಬ ಒಂದೇ ಗುಂಪಿಗೆ ಸೇರಿಬಿಡುತ್ತವೆ. ಈ ಗೊಂದಲ ಬರಿಯ ಹೆಸರಿನ ಗೊಂದಲವಾಗಿದ್ದರೆ ಸುಮ್ಮನಿರಬಹುದಾಗಿತ್ತು. ಆದರೆ ಇದರಿಂದ ತಿಂಗಳುಗಟ್ಟಲೆ ಕಾಲ ಕಳೆದುಹೋಗಿ, ಸುಲಭವಾಗಿ ಗುಣವಾಗಬಹುದಾಗಿದ್ದ ರೋಗ ಕೈಮೀರುವ ಸಂದರ್ಭಗಳೂ ಉಂಟು. ಆದುದರಿಂದಲೇ ಈ ಲೇಖನ.

ಮೊದಲು ಒಸಡಿನ ಗಾಯ ತಾನಾಗಿಯೇ ಹೇಗೆ ಮಾಯುತ್ತದೆಂಬುದನ್ನು ನೋಡೋಣ. ಹಲ್ಲು ಕಿತ್ತ ಕುಳಿಯಲ್ಲಿ ಕೆಲವೇ ನಿಮಿಷಗಳೊಳಗೆ ರಕ್ತ ಹೆಪ್ಪುಗಟ್ಟುತ್ತದೆ. ಈ ಹೆಪ್ಪನ್ನು ಕೊಳೆಯೆಂದು ತಿಳಿದು ಮತ್ತೆ ಮತ್ತೆ ಬಾಯಿ ಮುಕ್ಕಳಿಸಿ ಉಗುಳುವವರುಂಟು; ಬೆರಳಿನಿಂದ ಕೆರೆದು ತೆಗೆಯುವವರೂ ಉಂಟು. ವಾಸ್ತವವಾಗಿ ಪ್ರಕೃತಿ ಆ ಗಾಯಕ್ಕೆ ಹಚ್ಚಿದ ಮೊದಲ ಮದ್ದು ಅದೇ. ಬರಿದಾದ ಮೂಳೆಯನ್ನೂ ನರದ ತುದಿಗಳನ್ನೂ ಅದು ಮುಚ್ಚುತ್ತದೆ. ಹೊಸ ಅಂಗಾಂಶ ಹಬ್ಬಲು ಚಪ್ಪರದಂತೆ ನಿಲ್ಲುತ್ತದೆ. ಒಂದು ವಾರದೊಳಗೆ ಹೆಪ್ಪಿನ ಜಾಗದಲ್ಲಿ ಎಳೆಯ ಕೆಂಪು ಮಾಂಸ ಕಾಣಿಸಿಕೊಳ್ಳುತ್ತದೆ. ಅಂಚಿನಿಂದ ಹೊಸ ಪೊರೆ ದಿನಕ್ಕೆ ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರಿನಷ್ಟು ಒಳಕ್ಕೆ ಸರಿಯುತ್ತ, ಸಾಮಾನ್ಯವಾಗಿ ೩ರಿಂದ ೫ ವಾರಗಳಲ್ಲಿ ಕುಳಿಯ ಬಾಯನ್ನು ಮುಚ್ಚುತ್ತದೆ. ಒಳಗಿನ ಮೂಳೆ ತುಂಬಿಕೊಳ್ಳಲು ತಿಂಗಳುಗಳೇ ಬೇಕು. ಒಸಡನ್ನು ಕೊಯ್ದು ಸರಿಪಡಿಸುವ ಶಸ್ತ್ರಕ್ರಿಯೆಯಲ್ಲಿಯೂ ಮೇಲಿನ ಪೊರೆ ಒಂದೆರಡು ವಾರಗಳಲ್ಲಿ ಕೂಡಿಕೊಂಡರೂ, ಒಳಗಿನ ಕೆಲಸ ಮುಗಿಯಲು ತಿಂಗಳಿಗೆ ಮೇಲೆ ಹಿಡಿಯುತ್ತದೆ.

ಬಾಯಿಯ ಗಾಯ ಚರ್ಮದ ಗಾಯಕ್ಕಿಂತ ಬೇಗ ಮಾಯುತ್ತದೆ, ಕಲೆಯೂ ಕಡಮೆ. ಸದಾ ತೇವವಿರುವುದೂ ರಕ್ತಸಂಚಾರ ಹೆಚ್ಚಾಗಿರುವುದೂ ಇದಕ್ಕೆ ಕಾರಣ. ಜೊಲ್ಲಿನಲ್ಲಿ ಅಂಗಾಂಶದ ಬೆಳವಣಿಗೆಯನ್ನು ಪ್ರಚೋದಿಸುವ ದ್ರವ್ಯಗಳಿರುವುದೂ ಒಂದು ಕಾರಣ. ಸಣ್ಣ ಗಾಯಕ್ಕೆ ಎಂಜಲು ಹಚ್ಚುತ್ತಿದ್ದ ನಮ್ಮ ಹಿರಿಯರ ಪದ್ಧತಿಯನ್ನು ನಾನು ಶಿಫಾರಸು ಮಾಡಲಾರೆ, ಏಕೆಂದರೆ ಎಂಜಲಿನಲ್ಲಿ ಕ್ರಿಮಿಗಳೂ ಇವೆ; ಆದರೆ ಅವರ ಅನುಭವಕ್ಕೆ ಆಧಾರವೇ ಇರಲಿಲ್ಲವೆಂದೂ ಹೇಳಲಾರೆ.

ಹೆಪ್ಪು ಕಳಚಿಹೋದರೆ ಏನಾಗುತ್ತದೆ? ಮೂಳೆ ಬರಿದಾಗಿ ಉಳಿಯುತ್ತದೆ. ದಂತವೈದ್ಯರು ಇದನ್ನು ‘ಡ್ರೈ ಸಾಕೆಟ್’, ಅಂದರೆ ಒಣಕುಳಿ, ಎನ್ನುತ್ತಾರೆ. ೧೮೯೬ರಲ್ಲಿ ಅಮೆರಿಕದ ಕ್ರಾಫರ್ಡ್ ಎಂಬ ವೈದ್ಯರು ಇದನ್ನು ಮೊದಲು ವರ್ಣಿಸಿದರು. ಹಲ್ಲು ಕಿತ್ತ ದಿನ ನೋವು ಅಷ್ಟಾಗಿ ಇರುವುದಿಲ್ಲ; ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಎಲ್ಲವೂ ಸರಿಹೋಯಿತೆನ್ನುವಾಗ ಕಿವಿಯವರೆಗೆ ಸೆಳೆಯುವ ನೋವು ತಲೆಯೆತ್ತುತ್ತದೆ, ಬಾಯಿ ನಾರುತ್ತದೆ. ಸಾಧಾರಣ ಹಲ್ಲು ಕಿತ್ತ ನೂರು ಮಂದಿಯಲ್ಲಿ ಒಬ್ಬರಿಂದ ಐವರಿಗೆ ಹೀಗಾಗುವುದುಂಟು. ಕೆಳದವಡೆಯ ಬುದ್ಧಿಹಲ್ಲನ್ನು ಶಸ್ತ್ರಕ್ರಿಯೆ ಮಾಡಿ ತೆಗೆದಾಗ ನೂರರಲ್ಲಿ ಮೂವತ್ತು ಮಂದಿಯವರೆಗೂ ಆಗಬಹುದು. ಹೊಗೆಬತ್ತಿ ಸೇದುವವರಲ್ಲಿ ಹೆಚ್ಚು, ಗರ್ಭನಿರೋಧಕ ಮಾತ್ರೆ ಸೇವಿಸುವ ಹೆಂಗಸರಲ್ಲಿಯೂ ಹೆಚ್ಚು. ಇದಕ್ಕೆ ಚಿಕಿತ್ಸೆ ದಂತವೈದ್ಯರ ಕುರ್ಚಿಯಲ್ಲಿಯೇ ಆಗಬೇಕು. ಅವರು ಕುಳಿಯನ್ನು ತೊಳೆದು, ಲವಂಗದ ಸತ್ತ್ವ ಮುಂತಾದುವು ಸೇರಿದ ಪಟ್ಟಿಯನ್ನು ಇಟ್ಟರೆ ಗಂಟೆಯೊಳಗೆ ರೋಗಿಗೆ ಜೀವ ಬಂದಂತಾಗುತ್ತದೆ. ಮನೆಯಲ್ಲಿ ಟ್ಯೂಬು ಹಿಂಡುತ್ತ ಕುಳಿತರೆ ನಾಲ್ಕು ರಾತ್ರಿ ನಿದ್ದೆಗೆಡುವುದಷ್ಟೇ ಲಾಭ.

ಈಗ ಜೆಲ್ಲಿನ ಮಾತು. ಬಾಯಲ್ಲಿ ದಿನವೊಂದಕ್ಕೆ ಹೆಚ್ಚುಕಡಮೆ ಒಂದು ಲೀಟರಿನಷ್ಟು ಜೊಲ್ಲು ಊರುತ್ತದೆ, ನಾಲಿಗೆ ಸುಮ್ಮನಿರುವುದಿಲ್ಲ. ಯಾವ ದ್ರವವನ್ನು ಹಾಕಿದರೂ ಸ್ವಲ್ಪ ಹೊತ್ತಿನಲ್ಲಿ ಹೊಟ್ಟೆಗೆ ಹೋಗಿರುತ್ತದೆ. ಔಷಧವನ್ನು ಅಂಟಿನಂಥ ಲೋಳೆಯಲ್ಲಿ ಬೆರಸಿದರೆ ಅದು ಒಸಡಿಗೆ ಕಚ್ಚಿಕೊಂಡು ಇನ್ನಷ್ಟು ಹೊತ್ತು ನಿಲ್ಲುತ್ತದೆ. ಜೆಲ್ಲಿನ ಹಿಂದಿರುವ ಯುಕ್ತಿ ಇಷ್ಟೇ. ಹಚ್ಚಿಕೊಂಡ ಮರುಗಳಿಗೆಯಲ್ಲಿ ಕಾಫಿ ಕುಡಿದರೆ ಆ ಯುಕ್ತಿಯೂ ಕಾಫಿಯೊಡನೆ ಇಳಿದುಹೋಗುತ್ತದೆ. ಅರ್ಧ ಗಂಟೆಯಾದರೂ ತಡೆಯಬೇಕು.

ಇವುಗಳ ಪೈಕಿ ಹೆಚ್ಚು ಪರೀಕ್ಷೆಗೊಳಗಾಗಿರುವುದು ಕ್ಲೋರ್‌ಹೆಕ್ಸಿಡಿನ್. ಬ್ರಿಟನ್ನಿನಲ್ಲಿ ಹುಟ್ಟಿದ ಈ ಕ್ರಿಮಿನಾಶಕ ೧೯೫೪ರಲ್ಲಿ ಬಳಕೆಗೆ ಬಂದಿತು. ೧೯೭೦ರಲ್ಲಿ ಡೆನ್ಮಾರ್ಕಿನಲ್ಲಿ ಲೋ ಮತ್ತು ಶಿಯೋಟ್ ಎಂಬ ಸಂಶೋಧಕರು, ಶೇಕಡಾ ೦.೨ರ ದ್ರಾವಣದಿಂದ ದಿನಕ್ಕೆರಡು ಸಲ ಬಾಯಿ ಮುಕ್ಕಳಿಸಿದರೆ ಹಲ್ಲಿನ ಮೇಲೆ ಪಾಚಿ ಕಟ್ಟುವುದು ಬಹುಮಟ್ಟಿಗೆ ನಿಲ್ಲುತ್ತದೆಂದು ತೋರಿಸಿದರು. ಒಸಡಿಗೂ ಹಲ್ಲಿಗೂ ಅಂಟಿಕೊಂಡು ಗಂಟೆಗಟ್ಟಲೆ ಮೆಲ್ಲಗೆ ಬಿಡುಗಡೆಯಾಗುವುದು ಇದರ ವಿಶೇಷ ಗುಣ. ಶಸ್ತ್ರಕ್ರಿಯೆಯಾದ ಜಾಗದಲ್ಲಿ ಬ್ರಷ್ ಆಡಿಸಲಾಗದ ಒಂದೆರಡು ವಾರ ಇದು ಒಳ್ಳೆಯ ಕಾವಲುಗಾರ. ಇದೇ ಬಲದ ಜೆಲ್ಲನ್ನು ಕಿತ್ತ ಕುಳಿಯೊಳಗೆ ಇಟ್ಟರೆ ಒಣಕುಳಿಯ ಸಂಭವ ಸುಮಾರು ಅರ್ಧಕ್ಕೆ ಇಳಿಯುತ್ತದೆಂದು, ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಮೀಕ್ಷೆಗಳು ೨೦೧೨ರಲ್ಲಿಯೂ ೨೦೨೨ರಲ್ಲಿಯೂ ಹೇಳಿವೆ.

ಆದರೆ ‘ಅರ್ಧ’ ಎಂಬ ಮಾತಿಗೆ ಮರುಳಾಗುವ ಮೊದಲು ಲೆಕ್ಕ ಹಾಕಬೇಕು. ಬುದ್ಧಿಹಲ್ಲಿನ ಕಠಿಣ ಶಸ್ತ್ರಕ್ರಿಯೆಯಲ್ಲಿ ನೂರರಲ್ಲಿ ಮೂವತ್ತು ಮಂದಿಗೆ ಆಗುವುದು ಹದಿನೈದಕ್ಕಿಳಿದರೆ ಅದು ದೊಡ್ಡ ಉಪಕಾರವೇ ಸರಿ. ಅಲ್ಲಾಡುತ್ತಿದ್ದ ಮುಂದಿನ ಹಲ್ಲೊಂದನ್ನು ಸಲೀಸಾಗಿ ಕಿತ್ತ ಕಡೆ, ನೂರರಲ್ಲಿ ಇಬ್ಬರಿಗೆ ಆಗುವುದು ಒಬ್ಬರಿಗೆ ಇಳಿಯಬಹುದು. ಉಳಿದ ತೊಂಬತ್ತೊಂಬತ್ತು ಮಂದಿಗೆ ಜೆಲ್ಲಿನಿಂದ ಆ ಬಗ್ಗೆ ಆದ ಪ್ರಯೋಜನ ಸೊನ್ನೆ. ಮೇಲಾಗಿ ಪ್ರಯೋಗಗಳಲ್ಲಿ ಜೆಲ್ಲನ್ನು ಇಟ್ಟದ್ದು ಕುಳಿಯೊಳಗೆ. ಮೂರನೆಯ ದಿನ ಮನೆಯಲ್ಲಿ ಬೆರಳ ತುದಿಯಿಂದ ಒಸಡಿನ ಮೇಲೆ ಸವರಿಕೊಳ್ಳುವುದು ಅದಕ್ಕೆ ಸಮನಲ್ಲ. ಬೆರಳು ಒಳಗೆ ಹೋಗಿ ಹೆಪ್ಪನ್ನು ಕದಲಿಸಿತೆಂದರೆ, ತಡೆಯಲು ಹೊರಟ ಕೇಡನ್ನು ನಾವೇ ಕರೆದಂತಾಯಿತು.

ದೋಷಗಳೂ ಇವೆ. ಕೆಲವು ವಾರ ಬಳಸಿದರೆ ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ, ಕಾಫಿ ಚಹ ಹೆಚ್ಚಾಗಿ ಕುಡಿಯುವ ನಮ್ಮಂಥವರಲ್ಲಿ ಇನ್ನೂ ಬೇಗ. ನಾಲಿಗೆಯ ರುಚಿ ಕೆಡುತ್ತದೆ. ಬಹಳ ಅಪರೂಪವಾಗಿ ಇದು ಒಗ್ಗದೆ ಪ್ರಾಣಕ್ಕೆ ಸಂಚಕಾರ ಬರುವುದುಂಟು. ಇದರ ದ್ರಾವಣದಿಂದ ಕುಳಿಯನ್ನು ತೊಳೆದಾಗ ಹೀಗಾದ ಎರಡು ಸಾವುಗಳು ಬ್ರಿಟನ್ನಿನಿಂದ ವರದಿಯಾಗಿವೆ. ಇದರಿಂದ ಯಾರೂ ಗಾಬರಿಪಡಬೇಕಾಗಿಲ್ಲ. ಹಿಂದೆ ಯಾವುದಾದರೂ ಕ್ರಿಮಿನಾಶಕದಿಂದ ಮೈಯೆಲ್ಲ ದದ್ದು ಎದ್ದದ್ದಿದ್ದರೆ ವೈದ್ಯರಿಗೆ ತಿಳಿಸಬೇಕು, ಅಷ್ಟೆ.

ಎರಡನೆಯ ಗುಂಪು ಜೋಮು ಹಿಡಿಸುವ ಜೆಲ್ಲುಗಳದು. ಲಿಗ್ನೋಕೇನ್, ಬೆಂಜೋಕೇನ್ ಎಂಬುವು ನರವನ್ನು ತಾತ್ಕಾಲಿಕವಾಗಿ ಮಂಕಾಗಿಸುತ್ತವೆ. ಕೋಲೀನ್ ಸ್ಯಾಲಿಸಿಲೇಟ್ ಎಂಬುದು ಆಸ್ಪಿರಿನ್ನಿನ ದಾಯಾದಿ. ನೋವು, ಉರಿಗಳನ್ನು ಇಳಿಸುತ್ತದೆ. ಔಷಧದಂಗಡಿಯವನು ‘ಬಾಯಿಹುಣ್ಣಿಗೆ ಕೊಡಿ’ ಎಂದವರಿಗೆ ಕೊಡುವುದು ಬಹುಮಟ್ಟಿಗೆ ಇವನ್ನೇ. ಇವು ಗಾಯವನ್ನು ಮಾಯಿಸುವುದಿಲ್ಲ. ಮಾಯುವವರೆಗೆ ನಾವು ಸಹಿಸಿಕೊಳ್ಳುವಂತೆ ಮಾಡುತ್ತವೆ. ಎರಡು ಮೂರು ದಿನದ ಮಟ್ಟಿಗೆ, ವೈದ್ಯರ ಮಾತಿನಂತೆ, ಆಗಲಿ. ಜೋಮು ಹಿಡಿದ ಬಾಯಿಗೆ ಬಿಸಿ ಸಾರು ಎಷ್ಟು ಬಿಸಿಯೆಂದು ತಿಳಿಯುವುದಿಲ್ಲವೆಂಬುದು ನೆನಪಿರಲಿ. ಮಕ್ಕಳ ವಿಷಯದಲ್ಲಿ ಮಾತ್ರ ಸಲಿಗೆ ಬೇಡ. ಬೆಂಜೋಕೇನ್ ರಕ್ತದ ಪ್ರಾಣವಾಯು ಹೊರುವ ಶಕ್ತಿಯನ್ನೇ ಕುಗ್ಗಿಸಬಲ್ಲುದೆಂಬ ಕಾರಣದಿಂದ ಅಮೆರಿಕದ ಔಷಧ ನಿಯಂತ್ರಣಾಧಿಕಾರಿಗಳು ೨೦೧೮ರಲ್ಲಿ ಎರಡು ವರ್ಷದೊಳಗಿನ ಶಿಶುಗಳಿಗೆ ಅದನ್ನು ಮಾರಬಾರದೆಂದರು. ಸ್ಯಾಲಿಸಿಲೇಟ್ ಇರುವ ಬಾಯಿಯ ಜೆಲ್ಲುಗಳನ್ನು ಹದಿನಾರರೊಳಗಿನವರಿಗೆ ಕೊಡಬಾರದೆಂದು ಬ್ರಿಟನ್ನಿನ ಅಧಿಕಾರಿಗಳು ೨೦೦೯ರಲ್ಲಿಯೇ ಹೇಳಿದ್ದರು. ದೊಡ್ಡವನಿಗೆ ಬರೆದುಕೊಟ್ಟ ಟ್ಯೂಬನ್ನು, ಹಲ್ಲು ಬರುತ್ತಿರುವ ಮೊಮ್ಮಗುವಿನ ಒಸಡಿಗೂ ಸವರುವ ಅಕ್ಕರೆ ನಮ್ಮ ಮನೆಗಳಲ್ಲಿ ಇದೆಯಾದ್ದರಿಂದ ಇಷ್ಟು ಹೇಳಬೇಕಾಯಿತು. ಆಸ್ಪಿರಿನ್ ಮಾತ್ರೆಯನ್ನೇ ನೋಯುವ ಹಲ್ಲಿನ ಪಕ್ಕದಲ್ಲಿ ಇಟ್ಟುಕೊಂಡು ಮಲಗುವ ಇನ್ನೊಂದು ಪದ್ಧತಿಯುಂಟು. ಅದು ಒಸಡನ್ನು ಸುಡುತ್ತದೆ. ಬೆಳಗ್ಗೆ ನೋಡಿದರೆ ಅಲ್ಲಿ ಬಿಳಿಯ ಪೊರೆ ಎದ್ದಿರುತ್ತದೆ.

ನಿಜವಾಗಿ ‘ಮಾಯಿಸಲು’ ಯತ್ನಿಸುವ ಜೆಲ್ಲುಗಳು ಮೂರನೆಯ ಗುಂಪಿನವು. ಹಯಲುರಾನಿಕ್ ಆಮ್ಲ ನಮ್ಮ ಮೈಯಲ್ಲಿಯೇ ಇರುವ ವಸ್ತು. ೧೯೩೪ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಅದನ್ನು ದನದ ಕಣ್ಣಿನಿಂದ ಬೇರ್ಪಡಿಸಿದರು. ನೀರನ್ನು ಹಿಡಿದಿಟ್ಟು ಹೊಸ ಜೀವಕೋಶಗಳ ಓಡಾಟಕ್ಕೆ ದಾರಿಮಾಡಿಕೊಡುವುದು ಅದರ ಕೆಲಸ. ಹಲ್ಲು ಕಿತ್ತ ಮೇಲೂ ಒಸಡಿನ ಶಸ್ತ್ರಕ್ರಿಯೆಯ ಮೇಲೂ ಇದನ್ನು ಬಳಸಿದ ಕೆಲವು ಪ್ರಯೋಗಗಳಲ್ಲಿ ಮೊದಲ ವಾರದ ನೋವು, ಊತ ತುಸು ಕಡಮೆಯಾಗಿರುವುದು ಕಂಡುಬಂದಿದೆ. ಬಹುಪಾಲು ಸಣ್ಣ ಪ್ರಯೋಗಗಳು. ಹಾನಿಯಿಲ್ಲ, ಬೆಲೆ ಹೆಚ್ಚು, ಲಾಭ ಅಲ್ಪ ಎಂಬುದು ನನ್ನ ಎಣಿಕೆ. ಹಣವಿದ್ದವರು ಬಳಸಲಿ. ಆದರೆ ಸಾಲ ಮಾಡಿ ಹಲ್ಲಿನ ಚಿಕಿತ್ಸೆ ಮಾಡಿಸಿಕೊಂಡ ಹೋಟೆಲ್ ಕೆಲಸಗಾರನ ಚೀಟಿಯಲ್ಲಿ ಇದು ಅವಶ್ಯ ಔಷಧಗಳ ಸಾಲಿನಲ್ಲಿ ಕುಳಿತಿರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇನ್ನೊಂದು ಉಂಟು, ಅಂಗಡಿಯಲ್ಲಿ ಸಿಕ್ಕುವುದಲ್ಲ. ಒಸಡು ಸವೆದು ಹಲ್ಲಿನ ಬೇರಿನ ಸುತ್ತಲ ಮೂಳೆ ಕರಗಿದವರಿಗೆ, ಶಸ್ತ್ರಕ್ರಿಯೆಯ ವೇಳೆಯಲ್ಲಿ ತಜ್ಞರು ಒಸಡಿನ ಅಡಿಯಲ್ಲಿ ಬೇರಿನ ಮೇಲೆ ಸುರಿಯುವ ಎಮ್ಡೊಗೇನ್ ಎಂಬ ಜೆಲ್. ಹಲ್ಲು ಮೂಡುವಾಗ ಇರುವ ಒಂದು ಪ್ರೋಟೀನು ಇದರ ಸಾರ. ಕಳೆದುಹೋದ ಆಧಾರವನ್ನು ಒಂದಿಷ್ಟು ಮರಳಿ ಬೆಳೆಸುವುದರಲ್ಲಿ ಇದಕ್ಕೆ ಒಳ್ಳೆಯ ಹೆಸರಿದೆ. ಆದರೆ ಆ ಪ್ರೋಟೀನನ್ನು ತೆಗೆಯುವುದು ಎಳೆಯ ಹಂದಿಗಳ ಇನ್ನೂ ಮೂಡದ ಹಲ್ಲುಗಳಿಂದ. ನಮ್ಮಲ್ಲಿ ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರಿದ್ದಾರೆ. ಹಂದಿಯನ್ನು ನಿಷಿದ್ಧವೆಂದು ಬಗೆಯುವ ಮುಸಲ್ಮಾನ ಕನ್ನಡಿಗರಿದ್ದಾರೆ. ಒಪ್ಪುವುದು ಬಿಡುವುದು ಅವರವರ ಇಷ್ಟ, ಔಷಧವೆಂದು ಒಪ್ಪುವವರೂ ಅನೇಕರಿರಬಹುದು. ಆದರೆ ಮೊದಲೇ ತಿಳಿಸಿ ಕೇಳಬೇಕಾದದ್ದು ವೈದ್ಯಧರ್ಮವಲ್ಲವೆ? ಇದು ಒಗ್ಗದವರಿಗೆ ರೋಗಿಯ ರಕ್ತವನ್ನೇ ಯಂತ್ರದಲ್ಲಿ ತಿರುಗಿಸಿ ಲೋಳೆಯಂಥ ಪೊರೆಯನ್ನು ಪಡೆದು ಗಾಯದಲ್ಲಿ ಇಡುವ ವಿಧಾನವೂ ಇದೆ. ಫ್ರಾನ್ಸಿನ ಶೂಕ್ರೂನ್ ೨೦೦೧ರಲ್ಲಿ ಪ್ರಕಟಿಸಿದ ಈ ಉಪಾಯ ನಮ್ಮ ನಗರಗಳಲ್ಲಿಯೂ ಬಳಕೆಗೆ ಬಂದಿದೆ.

ಅರಿಸಿನದ ಜೆಲ್ಲುಗಳ ವಿಷಯ ಕೇಳುವವರು ಬಹಳ. ಒಸಡಿನ ಉರಿಯೂತದಲ್ಲಿ ಅವು ಸ್ವಲ್ಪ ಉಪಕಾರಿಯೆಂದು ತೋರಿದೆ. ಆದರೆ ಅಡಿಗೆಮನೆಯ ಅರಿಸಿನದ ಪುಡಿಯನ್ನು ಹಸಿ ಕುಳಿಗೆ ತುಂಬುವುದು ಬೇರೆ ಮಾತು. ಅದು ಗಾಯದೊಳಗೆ ಹೊರಗಿನ ಕಸ ಹಾಕಿದಂತೆ. ಅದಕ್ಕಿಂತಲೂ ಕೆಟ್ಟದ್ದು ಹೊಗೆಸೊಪ್ಪು. ಹಲ್ಲುನೋವಿಗೆ ಕಡ್ಡಿಪುಡಿ ಒತ್ತಿಕೊಳ್ಳುವುದು ಊರಿನಿಂದ ನಾವು ತಂದ ಅಭ್ಯಾಸವಾದರೆ, ಸುಟ್ಟ ಹೊಗೆಸೊಪ್ಪಿನ ಮಿಶ್ರಿಯಿಂದ ಒಸಡು ತಿಕ್ಕುವುದು ಮಹಾರಾಷ್ಟ್ರದಲ್ಲಿ ನೆರೆಹೊರೆಯಿಂದ ಕಲಿತದ್ದು. ಗಾಯದ ಮೇಲೆ ಇದನ್ನು ಇಡುವವರಿಗೆ ಯಾವ ಜೆಲ್ಲೂ ನೆರವಾಗದು.

ಈಗ ಮೊದಲು ಸೂಚಿಸಿದ ಗಂಭೀರ ವಿಷಯಕ್ಕೆ ಬರುತ್ತೇನೆ. ನಮ್ಮ ದೇಶದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳಲ್ಲಿ ಬಾಯಿಯ ಕ್ಯಾನ್ಸರು ಒಂದು. ಅದು ಮೊದಮೊದಲು ನೋಯದ ಹುಣ್ಣಾಗಿ, ಬಿಳಿಯ ಅಥವಾ ಕೆಂಪು ಮಚ್ಚೆಯಾಗಿ ಇರುತ್ತದೆ. ಕೆಲವೊಮ್ಮೆ ಕಾರಣವಿಲ್ಲದೆ ಅಲ್ಲಾಡತೊಡಗಿದ ಒಂದು ಹಲ್ಲಿನ ರೂಪದಲ್ಲಿಯೂ ಬರುತ್ತದೆ. ಆ ಹಲ್ಲನ್ನು ಕಿತ್ತ ಮೇಲೆ ಕುಳಿ ಮಾಯುವುದಿಲ್ಲ; ಅಂಚು ದಪ್ಪವಾಗುತ್ತದೆ, ಮಾಂಸ ಉಬ್ಬುತ್ತದೆ. ಮನೆಯವರು ‘ಗಾಯ ಇನ್ನೂ ಹಸಿಯಾಗಿದೆ’ ಎಂದುಕೊಂಡು ಎರಡನೆಯ ಟ್ಯೂಬು ತರುತ್ತಾರೆ, ಮೂರನೆಯದನ್ನು ತರುತ್ತಾರೆ. ಜೋಮಿನ ಮದ್ದು ಇದ್ದಬದ್ದ ನೋವನ್ನೂ ಮರೆಸುತ್ತದೆ. ಟಾಟಾ ಸ್ಮಾರಕ ಆಸ್ಪತ್ರೆ ಪರೇಲಿನಲ್ಲಿ ೧೯೪೧ರಿಂದ ಇದೆ. ಅಲ್ಲಿಗೆ ಮಾಟುಂಗಾದಿಂದ ಕೆಲವೇ ನಿಮಿಷದ ದಾರಿ. ಟ್ಯೂಬು ಹಿಂಡುತ್ತ ಕಳೆದ ಮೂರು ತಿಂಗಳನ್ನು ಅಲ್ಲಿನ ವೈದ್ಯರೂ ಮರಳಿ ತಂದುಕೊಡಲಾರರು. ಬಾಯಲ್ಲಿನ ಯಾವ ಹುಣ್ಣೇ ಆಗಲಿ ಎರಡು ವಾರದಲ್ಲಿ ಗುಣವಾಗುವ ದಾರಿ ಹಿಡಿಯದಿದ್ದರೆ ಮದ್ದು ಬದಲಿಸಬಾರದು, ವೈದ್ಯರಿಗೆ ತೋರಿಸಬೇಕು.

ಮೂಳೆ ಸವೆತಕ್ಕೆ ಮಾತ್ರೆ ಅಥವಾ ವರ್ಷಕ್ಕೊಂದು ಸೂಜಿ ತೆಗೆದುಕೊಳ್ಳುವ ವೃದ್ಧರ ವಿಷಯವೂ ಹೀಗೆಯೇ. ಆ ಔಷಧಗಳನ್ನು ಸೇವಿಸುವ ಕೆಲವರಲ್ಲಿ ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ಮುಚ್ಚದೆ ಬರಿದಾಗಿಯೇ ಉಳಿಯುವುದುಂಟೆಂದು ೨೦೦೩ರಿಂದ ತಿಳಿದುಬಂದಿದೆ. ಅಪರೂಪವಾದರೂ ಹಲ್ಲು ಕೀಳುವ ಮೊದಲೇ ಹೇಳಬೇಕಾದ ಸಂಗತಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರ ಗಾಯ ನಿಧಾನವಾಗುವುದನ್ನು ಎಲ್ಲರೂ ಬಲ್ಲರು.

ಹೇಳುವವರು ಯಾರು, ಕೇಳುವವರು ಯಾರು? ತೊಡಕಿರುವುದು ಇಲ್ಲಿಯೇ. ಊರಿನಿಂದ ಮಗನ ಮನೆಗೆ ಬಂದ ತಾಯಿಯನ್ನು ಸೊಸೆ ದಂತವೈದ್ಯರ ಬಳಿಗೆ ಕರೆದೊಯ್ಯುತ್ತಾಳೆ. ವೈದ್ಯರು ಮರಾಠಿಯಲ್ಲೊ ಹಿಂದಿಯಲ್ಲೊ ಅವಸರದಲ್ಲಿ ನಾಲ್ಕು ಮಾತು ಹೇಳುತ್ತಾರೆ, ಹೊರಗೆ ಹತ್ತು ಮಂದಿ ಕಾದಿದ್ದಾರೆ. ಟ್ಯೂಬಿನ ಮೇಲಿರುವುದು ಇರುವೆಯ ಕಾಲಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರ. ತಾಯಿಗೆ ಅರ್ಥವಾಗುವುದು ಒಂದೇ: ಇದನ್ನು ಹಚ್ಚಬೇಕು. ಎಷ್ಟು ದಿನ, ಎಲ್ಲಿಗೆ, ಯಾವಾಗ ನಿಲ್ಲಿಸಬೇಕು ಎಂಬುದು ಸೊಸೆಯ ಕಿವಿಯಲ್ಲಿಯೇ ಉಳಿದು, ಅವಳು ಕೆಲಸಕ್ಕೆ ಹೋದಾಗ ಅವಳೊಡನೆ ಹೋಗಿಬಿಡುತ್ತದೆ. ವಿವರಿಸಿ ಹೇಳಲು ಹತ್ತು ನಿಮಿಷ ಬೇಕು, ಟ್ಯೂಬಿನ ಹೆಸರು ಬರೆಯಲು ಹತ್ತು ಸೆಕೆಂಡು ಸಾಕು; ಜೆಲ್ಲುಗಳ ಮಾರಾಟ ಏರಲು ಇದೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ.

ನಮ್ಮಂಥ ಸಂಘಗಳು ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ನಡೆಸುತ್ತವೆ, ರಕ್ತದೊತ್ತಡ ನೋಡುತ್ತವೆ, ಫಲಹಾರ ಹಂಚುತ್ತವೆ. ಅದರ ಜೊತೆಗೆ ದಪ್ಪ ಅಕ್ಷರದಲ್ಲಿ ಅಚ್ಚಾದ ಒಂದು ಕನ್ನಡ ಹಾಳೆಯನ್ನು ಸಿದ್ಧಪಡಿಸಿ, ಸಮಾಜದ ದಂತವೈದ್ಯರ ಮೂಲಕವೂ ಸಂಘದ ಕಚೇರಿಯ ಮೂಲಕವೂ ಹಂಚಬಾರದೇಕೆ? ಸ್ಮರಣ ಸಂಚಿಕೆಯ ಒಂದು ಜಾಹೀರಾತು ಪುಟದ ಹಣ ಇದಕ್ಕೆ ಧಾರಾಳವಾಗಿ ಸಾಕು. ಅರಳೆಯನ್ನು ಅರ್ಧ ಗಂಟೆಯಾದರೂ ಬಿಗಿಯಾಗಿ ಕಚ್ಚಿಹಿಡಿಯಬೇಕು. ಮೊದಲ ದಿನ ಮುಕ್ಕಳಿಸಬಾರದು, ಉಗುಳಬಾರದು, ಕೊಳವೆಯಿಂದ ಹೀರಬಾರದು. ಬಿಸಿ ಕಾಫಿ ಬೇಡ, ಆರಿದ ಗಂಜಿ, ಮೊಸರನ್ನ ಆಗಬಹುದು. ಮರುದಿನದಿಂದ ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟವಾದ ಮೇಲೆ ಮೆಲ್ಲಗೆ ಬಾಯಲ್ಲಿ ಆಡಿಸಿ ಬಿಡಬೇಕು. ಎಲೆಯಡಿಕೆ, ಹೊಗೆಸೊಪ್ಪು, ಬೀಡಿ ಸಿಗರೇಟು ಒಂದು ವಾರ ದೂರವಿರಲಿ. ಮೂರನೆಯ ದಿನ ನೋವು ಹೆಚ್ಚಿದರೆ, ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಬಾಯಿ ತೆರೆಯಲಾಗದಿದ್ದರೆ, ನುಂಗಲು ಕಷ್ಟವಾದರೆ ಕೂಡಲೆ ಹೊರಡಬೇಕು. ಇಷ್ಟನ್ನು ಅಚ್ಚುಮಾಡಿ ಕೆಳಗೆ ಮೂರು ಗೆರೆಗಳನ್ನು ಖಾಲಿ ಬಿಡಬೇಕು: ಒಂದರಲ್ಲಿ ಹಚ್ಚುವ ಮದ್ದಿನ ಹೆಸರೂ ಅದು ಯಾವ ಗುಂಪಿನದೆಂಬುದೂ, ಎರಡನೆಯದರಲ್ಲಿ ಅದನ್ನು ನಿಲ್ಲಿಸಬೇಕಾದ ತಾರೀಖು, ಮೂರನೆಯದರಲ್ಲಿ ವೈದ್ಯರ ಫೋನು ಸಂಖ್ಯೆ. ಅವನ್ನು ತುಂಬಿಕೊಡುವ ಕೆಲಸ ಹಲ್ಲು ಕಿತ್ತವರದು.